ಅನುಮತಿ ಪತ್ರದ ಆಚೆಗೂ ಕಾನೂನು ಬೇಕು

ಕುಲಾಂತರಿ ಬೆಳೆಗಳ ಜೈವಿಕ ಸುರಕ್ಷತೆಗಾಗಿ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ, ಕೇಂದ್ರ ಕೃಷಿ ಮತ್ತು ರೈತರ ಕಲ್ಯಾಣ ಸಚಿವಾಲಯ, ಕರ್ನಾಟಕ ಸರ್ಕಾರ.

ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈ 23ರಂದು ಒಮ್ಮತಕ್ಕೆ ಬರಲಿಲ್ಲ. ಸಾಸಿವೆಗೆ ಕೊಟ್ಟ ಅನುಮತಿಯನ್ನು ನ್ಯಾ. ಬಿ.ವಿ. ನಾಗರತ್ನ ರದ್ದು ಮಾಡಿದರು, ನ್ಯಾ. ಸಂಜಯ್ ಕರೋಲ್ ಎತ್ತಿಹಿಡಿದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತಾಯಿತು. ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿಯೊಂದು ಬೇಕು, ಅದನ್ನು ರಾಜ್ಯಗಳನ್ನೂ ರೈತರನ್ನೂ ತಜ್ಞರನ್ನೂ ಕೇಳಿಯೇ ರೂಪಿಸಬೇಕು, ಆ ಸಮಾಲೋಚನೆ ಆದಷ್ಟು ಮಟ್ಟಿಗೆ ನಾಲ್ಕು ತಿಂಗಳೊಳಗೆ ನಡೆಯಬೇಕು ಎಂದರು. ಆ ನಾಲ್ಕು ತಿಂಗಳು ಕಳೆದು ಬಹಳ ಕಾಲವಾಯಿತು. ಆ ನೀತಿಯಲ್ಲಿ ಏನಿರಬೇಕು ಎಂದು ಕೇಳುವ ಹಕ್ಕು ನಮ್ಮದು ಎಂದು ನಂಬಿ ಈ ಪತ್ರ ಬರೆದಿದ್ದೇವೆ.

ನಾವು ಎರೆಭೂಮಿಯಲ್ಲಿ ಹತ್ತಿ ಬೆಳೆಯುವವರು, ನಾಟಿ ಬೀಜ ಉಳಿಸಿಕೊಂಡು ಬಂದವರು, ಕೂಲಿ ಮಾಡುವವರು, ಪೇಟೆಯಲ್ಲಿ ಎಣ್ಣೆ-ಕಾಳು ಕೊಂಡು ತಿನ್ನುವವರು. ಕುಲಾಂತರಿ ಬೇಕೆನ್ನುವವರೂ ಬೇಡವೆನ್ನುವವರೂ ನಮ್ಮಲ್ಲಿದ್ದಾರೆ. ಬಿಟಿ ಹತ್ತಿ ಬಂದ ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕ ಹತೋಟಿಗೆ ಬಂತು, ಔಷಧಿ ಹೊಡೆಯುವ ಸರದಿ ತಗ್ಗಿತು; ಅದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ತಕರಾರು ಇರುವುದು ದೆಹಲಿಯಲ್ಲಿ ಅನುಮತಿ ಪತ್ರಕ್ಕೆ ಸಹಿ ಬಿದ್ದ ಕೂಡಲೇ ನಿಂತುಹೋಗುವ ಕಾನೂನಿನ ಬಗ್ಗೆ. ಬೀಜ ಹೊಲಕ್ಕೆ ಬಂದ ಮೇಲೂ ಅದರ ಹಿಂದೆ ಕಾನೂನು ಬರಬೇಕು. ಮುಂದಿನ ಬೇಡಿಕೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

1. ಸಂಸತ್ತು ಒಪ್ಪಿದ ಸ್ವತಂತ್ರ ಕಾನೂನು ಬರಲಿ.

ಇವತ್ತಿಗೂ ಈ ದೇಶದ ಕುಲಾಂತರಿ ಬೆಳೆಗಳನ್ನು ಆಳುತ್ತಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮಾವಳಿ. ಅಪಾಯಕಾರಿ ಸೂಕ್ಷ್ಮಜೀವಿಗಳ ಜೊತೆಗೇ ಕುಲಾಂತರಿ ಜೀವಿಗಳನ್ನೂ ಸೇರಿಸಿ ಬರೆದ ನಿಯಮ ಅದು. ಆಗ ದೇಶದ ಒಂದು ಹೊಲದಲ್ಲೂ ಕುಲಾಂತರಿ ಬೆಳೆ ಇರಲಿಲ್ಲ. ಹೊಲದ ಬದು, ಪಕ್ಕದವನ ಬೆಳೆ ಇವು ಅದರಲ್ಲಿ ಕಾಣುವುದಿಲ್ಲ. 2013ರ ಏಪ್ರಿಲಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಜೈವಿಕ ತಂತ್ರಜ್ಞಾನ ನಿಯಂತ್ರಣ ಪ್ರಾಧಿಕಾರದ ಮಸೂದೆ ಮರುವರ್ಷ ಸದನದ ಅವಧಿಯೊಂದಿಗೆ ಬಿದ್ದುಹೋಯಿತು. ಅದು ಬಿದ್ದುದಕ್ಕೆ ನಮಗೆ ಬೇಸರವಿಲ್ಲ. ತಂತ್ರಜ್ಞಾನವನ್ನು ಬೆಳೆಸುವ ಇಲಾಖೆಯ ಕೈಗೇ ಅದನ್ನು ತಡೆಯುವ ಅಧಿಕಾರವನ್ನೂ ಕೊಡಲು ಹೊರಟ ಮಸೂದೆ ಅದಾಗಿತ್ತು. ಬೇಸರವಿರುವುದು ಅದರ ನಂತರ ಯಾರೂ ಇನ್ನೊಂದನ್ನು ಬರೆಯದೆ ಬಿಟ್ಟದ್ದಕ್ಕೆ.

ಭಾರತ ಕಾರ್ಟಹೇನಾ ಜೈವಿಕ ಸುರಕ್ಷತಾ ಒಡಂಬಡಿಕೆಗೆ ಸೇರಿದ್ದು 2003ರಲ್ಲಿ. ಕೀನ್ಯಾ 2009ರಲ್ಲೇ ತನ್ನದೇ ಜೈವಿಕ ಸುರಕ್ಷತಾ ಕಾಯ್ದೆ ಮಾಡಿ ಅದಕ್ಕಾಗಿಯೇ ಪ್ರಾಧಿಕಾರ ಕಟ್ಟಿತು. ಅಲ್ಲೂ ಜಗಳಗಳಿವೆ, ಕೋರ್ಟು ಕಟ್ಟೆಗಳಿವೆ. ಆದರೆ ಯಾವ ಕಾನೂನಿನಡಿ, ಯಾರನ್ನು ಪ್ರಶ್ನಿಸಬೇಕು ಎಂಬುದು ಅಲ್ಲಿನ ರೈತನಿಗೆ ಗೊತ್ತು. ನಮಗೂ ಅಷ್ಟು ಬೇಕು. ಪ್ರಾಧಿಕಾರ ಸಂಸತ್ತಿಗೆ ಉತ್ತರ ಕೊಡುವಂತಿರಲಿ, ತಳಿ ಅಭಿವೃದ್ಧಿಗೆ ಹಣ ಕೊಡುವ ಯಾವ ಇಲಾಖೆಯ ಕೆಳಗೂ ಇರದಿರಲಿ.

2. ಅರ್ಜಿದಾರರೇ ತೀರ್ಪುಗಾರರಾಗಬಾರದು.

ಕುಲಾಂತರಿ ತಳಿಯ ಮೇಲೆ ಕೆಲಸ ಮಾಡುತ್ತಿರುವ, ಅದರ ಪೇಟೆಂಟಿನಲ್ಲಿ ಪಾಲಿರುವ, ಅಂಥ ಸಂಸ್ಥೆಯಿಂದ ಹಣ ಪಡೆಯುವ ಯಾರೂ ಅನುಮತಿ ಕೊಡುವ ಸಮಿತಿಯಲ್ಲಿ ಕೂರಬಾರದು. ಸದಸ್ಯರು ತಮ್ಮ ಹಿತಾಸಕ್ತಿ ಘೋಷಿಸಬೇಕು ಎಂಬ ತಿದ್ದುಪಡಿಯ ಕರಡನ್ನು ಪರಿಸರ ಸಚಿವಾಲಯ 2024ರ ಕೊನೆಯಲ್ಲಿ ಹೊರಡಿಸಿತು. ಘೋಷಣೆ ಮಾಡಿ ಆ ದಿನದ ಚರ್ಚೆಯಿಂದ ಎದ್ದುಹೋದರೆ ಸಾಲದು, ನೇಮಕವೇ ಆಗಬಾರದು. ಪರಿಸರ ವಿಜ್ಞಾನಿ, ವೈದ್ಯ, ಜೇನು ಮತ್ತು ಕೀಟ ತಜ್ಞ, ಕೃಷಿ ಅರ್ಥಶಾಸ್ತ್ರಜ್ಞರ ಜೊತೆಗೆ ಸ್ವಂತ ಬೇಸಾಯವಿರುವ ರೈತ ಮಹಿಳೆಯೊಬ್ಬರು ಮತದ ಹಕ್ಕಿನೊಂದಿಗೆ ಸಮಿತಿಯಲ್ಲಿರಲಿ.

3. ಪರೀಕ್ಷೆಯನ್ನು ಕಂಪನಿ ಮಾಡಿಸಬಾರದು.

ಇಲಿಗೆ ತಿನ್ನಿಸಿದ ಪರೀಕ್ಷೆಯಿಂದ ಹಿಡಿದು ಪರಾಗ ಎಷ್ಟು ದೂರ ಹಾರುತ್ತದೆ ಎಂಬ ಅಳತೆಯವರೆಗೆ ಕಡತದಲ್ಲಿರುವ ಬಹುಪಾಲು ಮಾಹಿತಿಯನ್ನು ಕೊಡುವುದು ಅನುಮತಿ ಕೇಳಿದವರೇ. 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಯನ್ನು ತಡೆಹಿಡಿದಾಗ ಸ್ವತಂತ್ರ ಅಧ್ಯಯನ ಬೇಕೆಂದೇ ಹೇಳಿದ್ದರು. ಪರೀಕ್ಷೆಯ ಖರ್ಚನ್ನು ಅರ್ಜಿದಾರರು ಸಾರ್ವಜನಿಕ ನಿಧಿಗೆ ಕಟ್ಟಲಿ. ಪ್ರಯೋಗಾಲಯವನ್ನು ಪ್ರಾಧಿಕಾರ ಆರಿಸಲಿ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಪ್ರತಿ ಹಂತಕ್ಕೂ ಕಾಲಮಿತಿ ಬರೆದಿಡಿ. ಪ್ರಾಮಾಣಿಕವಾಗಿ ದುಡಿಯುವ ನಮ್ಮ ವಿಶ್ವವಿದ್ಯಾಲಯದ ವಿಜ್ಞಾನಿಯ ಕಡತ ಹತ್ತಾರು ವರ್ಷ ಕೊಳೆಯುವುದೂ ಅನ್ಯಾಯವೇ.

4. ಅನುಮತಿಯ ನಂತರದ ಹತ್ತು ವರ್ಷಕ್ಕೆ ಯಾರು ಹೊಣೆ ಎಂದು ಕಾನೂನಿನಲ್ಲಿ ಬರೆಯಿರಿ.

ಇದು ನಮ್ಮ ಮುಖ್ಯ ಬೇಡಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿ ಕೊಡುವಾಗ ಒಂದು ಷರತ್ತು ಹಾಕಿದ್ದರು. ಹೊಲದ ಸುತ್ತ ಐದು ಸಾಲು ಅಥವಾ ಶೇ 20ರಷ್ಟು ಜಾಗ, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿ ಅಲ್ಲದ ಹತ್ತಿಯನ್ನು ಆಶ್ರಯ ಬೆಳೆಯಾಗಿ ಹಾಕಬೇಕು. ಆ ಸಾಲುಗಳಲ್ಲಿ ಬದುಕುವ ಹುಳು ಬಿಟಿ ವಿಷಕ್ಕೆ ಒಗ್ಗಿದ ಹುಳುವಿನ ಜೊತೆ ಕೂಡಿದರೆ ನಿರೋಧಕ ಶಕ್ತಿ ಬೇಗ ಹರಡುವುದಿಲ್ಲ ಎಂಬುದು ಲೆಕ್ಕ. ವಿಜ್ಞಾನ ಸರಿಯಾಗಿಯೇ ಇತ್ತು. ಅದಕ್ಕಾಗಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಮಿನ ಇನ್ನೊಂದು ಚಿಕ್ಕ ಪ್ಯಾಕೆಟ್ ಇಟ್ಟು ಮಾರಿದರು.

ಆ ಚಿಕ್ಕ ಪ್ಯಾಕೆಟ್ಟಿಗೆ ಏನಾಯಿತು ಎಂದು ಹತ್ತಿ ಸೀಮೆಯ ಯಾವ ಊರಿನಲ್ಲಿ ಬೇಕಾದರೂ ಕೇಳಿ. ಬಿತ್ತನೆಯ ದಿನ ಬದುವಿನ ಮೇಲೆ ಬಿತ್ತು, ಇಲ್ಲವೆ ಮನೆಯ ಮಾಡದಲ್ಲಿ ಹಾಗೇ ಉಳಿಯಿತು. ಐದು ಎಕರೆಯವನು ಒಂದು ಎಕರೆಯನ್ನು ಹುಳುವಿಗೆ ಬಿಟ್ಟುಕೊಡಬೇಕು ಎಂದರೆ ಯಾವ ಧೈರ್ಯದಿಂದ ಬಿಟ್ಟಾನು? ಆ ಒಂದು ಎಕರೆಯ ನಷ್ಟ ತುಂಬುತ್ತೇವೆ ಎಂದು ಯಾರೂ ಹೇಳಲಿಲ್ಲ. ಏಕೆ ಹಾಕಬೇಕೆಂದು ಕೂರಿಸಿಕೊಂಡು ತಿಳಿಸಿದವರೂ ವಿರಳ. ಹಾಕಿದ್ದಾನೋ ಇಲ್ಲವೋ ಎಂದು ಎಣಿಸಲು ಹೊಲಕ್ಕೆ ಬಂದ ಅಧಿಕಾರಿಗಳೂ ವಿರಳ.

ಗುಲಾಬಿ ಕಾಯಿಕೊರಕ ಬಿಟಿ ವಿಷಕ್ಕೆ ಒಗ್ಗಿದೆ ಎಂಬುದು ಗುಜರಾತಿನ ಜಿಲ್ಲೆಗಳಿಂದ 2010ರಲ್ಲಿ ವರದಿಯಾಯಿತು. 2006ರಲ್ಲಿ ಬಂದಿದ್ದ ಎರಡು ವಂಶವಾಹಿಗಳ ಹತ್ತಿಯೂ ಕೆಲವೇ ವರ್ಷಗಳಲ್ಲಿ ಅದಕ್ಕೆ ಸೋತಿತು. ರಾಯಚೂರು, ಯಾದಗಿರಿ ಕಡೆಯ ಹೊಲಗಳಲ್ಲಿ ಹೊರಗಿನಿಂದ ನೋಡಿದರೆ ಕಾಯಿ ದುಂಡಗೆ, ಹಸಿರಾಗಿ, ಚೆನ್ನಾಗಿಯೇ ಇರುತ್ತದೆ. ಒಡೆದು ನೋಡಿದರೆ ತೊಳೆಯೊಳಗೆ ತಿಳಿಗೆಂಪು ಹುಳು ಕಾಳು ಕೊರೆಯುತ್ತಿರುತ್ತದೆ, ಅರಳೆ ಕಲೆಗಟ್ಟಿರುತ್ತದೆ. ಕಾಯಿಯೊಳಗೆ ಸೇರಿದ ಹುಳುವಿಗೆ ಹೊರಗೆ ಹೊಡೆದ ಔಷಧಿ ತಾಗುವುದಿಲ್ಲ. ರೈತ ಮತ್ತೆ ಪಂಪು ಬೆನ್ನಿಗೇರಿಸಿದ. ದೇಶದ ಹತ್ತಿಯ ಶೇ 90ಕ್ಕೂ ಹೆಚ್ಚು ಭಾಗ ಬಿಟಿಯೇ ಆಗಿದ್ದರಿಂದ ಹಿಂದಕ್ಕೆ ಹೋಗಲು ಬೇರೆ ಬೀಜವೂ ಅಂಗಡಿಯಲ್ಲಿ ಸಿಗಲಿಲ್ಲ. ನಮ್ಮಲ್ಲಿ ಬಿಟಿ ಬಂದದ್ದು ಹೈಬ್ರಿಡ್ ರೂಪದಲ್ಲಿ. ಬೀಜ ಪ್ರತಿವರ್ಷ ಕೊಳ್ಳಬೇಕು, ಬೆಳೆ ಹೊಲದಲ್ಲಿ ಬಹಳ ದಿನ ನಿಲ್ಲುತ್ತದೆ, ಅಷ್ಟು ದಿನವೂ ಹುಳುವಿಗೆ ಊಟ. ಇದನ್ನು ಮೊದಲೇ ಯೋಚಿಸಬೇಕಾಗಿದ್ದವರು ನಿಯಂತ್ರಕರು.

ಆದ್ದರಿಂದ ನಮ್ಮ ಒತ್ತಾಯ: ಅನುಮತಿ ಐದು ವರ್ಷಕ್ಕೆ ಮಾತ್ರ ಇರಲಿ, ಹೊಲದ ವರದಿ ನೋಡಿ ನವೀಕರಿಸಲಿ. ಹುಳುವಿನ ನಿರೋಧಕ ಶಕ್ತಿಯನ್ನು ಕೃಷಿ ವಿಶ್ವವಿದ್ಯಾಲಯಗಳು ಪ್ರತಿ ಹಂಗಾಮಿನಲ್ಲೂ ಜಿಲ್ಲಾವಾರು ಅಳೆದು, ಮುಂದಿನ ಬಿತ್ತನೆಗೆ ಮೊದಲು ಪ್ರಕಟಿಸಲಿ. ಆ ಖರ್ಚನ್ನು ಬೀಜ ಮಾರುವವರು ಭರಿಸಲಿ. ಆಶ್ರಯ ಬೆಳೆ ಹಾಕುವ ರೈತನಿಗೆ ಆ ಜಾಗದ ನಷ್ಟಕ್ಕೆ ಪರಿಹಾರ ಸಿಗಲಿ. ಸಣ್ಣ ಹಿಡುವಳಿಯವನು ಪಾಲಿಸಲಾಗದ ಷರತ್ತಿನ ಮೇಲೆ ಯಾವ ತಳಿಗೂ ಅನುಮತಿ ಕೊಡಬೇಡಿ.

5. ಕಳ್ಳಬೀಜದ ಬೇರು ಹಿಡಿಯಿರಿ, ರೈತನ ಕೊರಳಪಟ್ಟಿ ಹಿಡಿಯಬೇಡಿ.

ಗುಜರಾತಿನಲ್ಲಿ ನವಭಾರತ 151 ಎಂಬ ಹತ್ತಿ ಬಿಟಿ ಎಂದು ಗೊತ್ತಾದದ್ದು 2001ರ ಅಕ್ಟೋಬರಿನಲ್ಲಿ, ಅದು ಸಾವಿರಾರು ಎಕರೆಗೆ ಹರಡಿದ ಮೇಲೆ. ಆರು ತಿಂಗಳು ತುಂಬುವ ಮೊದಲೇ ದೇಶದಲ್ಲಿ ಬಿಟಿ ಹತ್ತಿಗೆ ಅಧಿಕೃತ ಅನುಮತಿ ಸಿಕ್ಕಿತು. 2017ರ ಹೊತ್ತಿಗೆ ಕಳೆನಾಶಕ ತಾಳುವ, ಯಾವ ಅನುಮತಿಯೂ ಇಲ್ಲದ ಹತ್ತಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಗುಜರಾತಿನಲ್ಲಿ ಬೇರು ಬಿಟ್ಟಿತ್ತು. 2019ರಲ್ಲಿ ಹರಿಯಾಣದ ಫತೇಹಾಬಾದಿನ ಹೊಲದಲ್ಲಿ ಅನುಮತಿಯಿಲ್ಲದ ಬಿಟಿ ಬದನೆ ಸಿಕ್ಕಿತು. ಮೊದಲು ಬೀಜ, ಆಮೇಲೆ ಕಾನೂನು ಎಂಬುದು ರೂಢಿಯಾದರೆ ಪ್ರಾಮಾಣಿಕವಾಗಿ ಅರ್ಜಿ ಹಾಕಿ ಕಾಯುವವರು ಯಾರು?

ಅದೇ ವರ್ಷದ ಜೂನಿನಲ್ಲಿ ಅಕೋಲಾ ಜಿಲ್ಲೆಯಲ್ಲಿ ಶೇತ್ಕರಿ ಸಂಘಟನೆಯವರು ಬಹಿರಂಗವಾಗಿಯೇ ಕಳೆನಾಶಕ ತಾಳುವ ಆ ಹತ್ತಿ ಬಿತ್ತಿ ಪ್ರತಿಭಟಿಸಿದರು. ಅವರ ದಾರಿ ನಮ್ಮದಲ್ಲ. ಆದರೆ ಅವರ ಕಷ್ಟ ನಮಗೂ ಗೊತ್ತು: ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡಲು ಹತ್ತಿಯ ದರ ಸಾಲುವುದಿಲ್ಲ. ಇನ್ನೊಂದು ಕಡೆ ಭೂಮಿಯಿಲ್ಲದ ಮನೆಯ ಹೆಂಗಸಿಗೆ ಮುಂಗಾರಿನ ನಾಲ್ಕು ಕಾಸು ಬರುವುದೇ ಕಳೆ ತೆಗೆಯುವುದರಿಂದ. ಈ ಎರಡನ್ನೂ ಒಟ್ಟಿಗೆ ಇಟ್ಟು ತೂಗಬೇಕು. ಕಾರ್ಟಹೇನಾ ಒಡಂಬಡಿಕೆಯ 26ನೇ ವಿಧಿ ಸಾಮಾಜಿಕ-ಆರ್ಥಿಕ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ದಾರಿ ಬಿಟ್ಟಿದೆ. ಅದನ್ನು ಕಡ್ಡಾಯ ಮಾಡಿ. ಕಳೆನಾಶಕ ತಾಳುವ ಯಾವುದೇ ಬೆಳೆಗೆ ಅನುಮತಿ ಕೊಡುವ ಮುನ್ನ ಕೂಲಿಯ ಲೆಕ್ಕವೂ ಕಡತದಲ್ಲಿರಲಿ.

ದಂಡನೆಯ ವಿಷಯಕ್ಕೆ ಬಂದರೆ, 2023ರ ಜನ ವಿಶ್ವಾಸ ಕಾಯ್ದೆಯು ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗಿನ ದಂಡಕ್ಕೆ ಇಳಿಸಿತು. ಒಂದು ಹಂಗಾಮಿನಲ್ಲಿ ಕೋಟಿಗಟ್ಟಲೆ ವಹಿವಾಟು ಮಾಡುವ ಕಳ್ಳಬೀಜದ ಜಾಲಕ್ಕೆ ಅದು ವ್ಯಾಪಾರದ ಖರ್ಚಿನಲ್ಲಿ ಸೇರಿಹೋಗುತ್ತದೆ. ಅನುಮತಿಯಿಲ್ಲದ ಕುಲಾಂತರಿ ಬೀಜ ತಯಾರಿಸುವವರಿಗೆ, ಸಗಟು ಮಾರುವವರಿಗೆ ಮತ್ತೆ ಜೈಲು ಶಿಕ್ಷೆ ಬರಲಿ. ತಿಳಿಯದೆ ಕೊಂಡು ಬಿತ್ತಿದ ರೈತನ ಮೇಲೆ ಕೇಸು ಬೇಡ. ಅವನ ಬೆಳೆ ನಾಶ ಮಾಡಲೇಬೇಕಾದರೆ ಪರಿಹಾರ ಕೊಟ್ಟು ಮಾಡಿ. ರಾಯಚೂರು ಮತ್ತು ಧಾರವಾಡದಲ್ಲಿ ಎಲೆಯ ಮಾದರಿ ತಂದರೆ ಪರೀಕ್ಷಿಸಿ ಹೇಳುವ, ರೈತನಿಗೆ ಉಚಿತವಾದ ಪ್ರಯೋಗಾಲಯಗಳು ಇರಲಿ.

6. ರಾಜ್ಯದ ಒಪ್ಪಿಗೆ, ಊರಿನ ಅರಿವು.

1998ರಲ್ಲಿ ನಮ್ಮ ರಾಜ್ಯದಲ್ಲೇ ಬಿಟಿ ಹತ್ತಿಯ ಪ್ರಯೋಗ ನಡೆಯುತ್ತಿತ್ತು. ಹೊಲಗಳು ಎಲ್ಲೆಲ್ಲಿವೆ ಎಂಬುದು ಜನರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬೆಳೆ ಕಿತ್ತು ಬೆಂಕಿ ಇಟ್ಟಿತು. ಅದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಇದೆ. ಗುಟ್ಟಾಗಿ ಇಟ್ಟಿದ್ದು ತಪ್ಪು ಎಂಬುದರಲ್ಲಿ ವಾದವಿಲ್ಲ. ರಾಜ್ಯದ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಲದ ಪ್ರಯೋಗ ಬೇಡ ಎಂಬ ಪದ್ಧತಿ 2011ರಲ್ಲಿ ಬಂತು. ಅದಕ್ಕೆ ಕಾಯ್ದೆಯ ಬಲ ಕೊಡಿ. 1989ರ ನಿಯಮದಲ್ಲೇ ಇರುವ ರಾಜ್ಯ ಸಮನ್ವಯ ಸಮಿತಿಗೂ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೂ ಕರ್ನಾಟಕ ಸರ್ಕಾರ ಸದಸ್ಯರನ್ನೂ ಹಣವನ್ನೂ ಕೆಲಸವನ್ನೂ ಕೊಡಲಿ. ಪ್ರಯೋಗ ನಡೆಯುವ ಸರ್ವೆ ನಂಬರನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಲಿ, ಗ್ರಾಮಸಭೆಯಲ್ಲಿ ಓದಲಿ.

7. ಕಡತ ಕನ್ನಡದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಸಿಗಲಿ.

2016ರಲ್ಲಿ ಕುಲಾಂತರಿ ಸಾಸಿವೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಜಾಲತಾಣದಲ್ಲಿ ಹಾಕಿದ್ದು ಸಾರಾಂಶ ಮಾತ್ರ. ಪೂರ್ತಿ ಕಡತ ನೋಡಬೇಕಾದರೆ ಮೊದಲೇ ಸಮಯ ಕೇಳಿ ದೆಹಲಿಯ ಸಚಿವಾಲಯಕ್ಕೆ ಹೋಗಿ ಅಲ್ಲೇ ಕೂತು ಓದಬೇಕಿತ್ತು. ಒಟ್ಟು ಅವಧಿ 30 ದಿನ. ರಾಜಸ್ಥಾನದ ಸಾಸಿವೆ ಬೆಳೆಗಾರನೊಬ್ಬ ಹೊಲ ಬಿಟ್ಟು ದೆಹಲಿಗೆ ಹೋಗಿ, ಸಾವಿರಾರು ಪುಟದ ಇಂಗ್ಲಿಷ್ ಕಡತ ಓದಿ, ತಿಂಗಳೊಳಗೆ ಆಕ್ಷೇಪ ಬರೆದು ಕಳಿಸಬೇಕು ಎಂಬುದನ್ನು ಸಮಾಲೋಚನೆ ಎಂದು ನಾವು ಒಪ್ಪುವುದಿಲ್ಲ. 2010ರಲ್ಲಿ ಬಿಟಿ ಬದನೆಗಾಗಿ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಚಿವರೇ ಕೂತು ಜನರ ಮಾತು ಕೇಳಿದ್ದರು. ಗದ್ದಲ ಇತ್ತು, ಆದರೆ ರೈತ ಎದುರಿಗೇ ನಿಂತು ಮಾತಾಡಿದ್ದ. ಆ ಪದ್ಧತಿ ಒಬ್ಬ ಸಚಿವರ ಮನಸ್ಸಿಗೆ ಬಿಟ್ಟದ್ದಾಗದೆ ಕಾನೂನಾಗಲಿ. ಸುರಕ್ಷತೆಯ ಮೂಲ ಮಾಹಿತಿಯನ್ನು ವ್ಯಾಪಾರ ರಹಸ್ಯ ಎಂದು ಮುಚ್ಚಿಡುವಂತಿಲ್ಲ. ಸಾರಾಂಶ ಆಯಾ ಬೆಳೆ ಬೆಳೆಯುವ ರಾಜ್ಯಗಳ ಭಾಷೆಯಲ್ಲಿ ಇರಲಿ. ಅವಧಿ 120 ದಿನ ಇರಲಿ, ಅದು ಬಿತ್ತನೆ-ಕೊಯ್ಲಿನ ತಿಂಗಳಲ್ಲಿ ಬಾರದಿರಲಿ.

8. ತವರು ಬೆಳೆಗಳನ್ನು ಮುಟ್ಟುವ ಮುನ್ನ.

ಬದನೆಯ ತವರುಗಳಲ್ಲಿ ನಮ್ಮ ದೇಶವೂ ಒಂದು. ತವರು ಬೆಳೆಯಲ್ಲಿ ಕುಲಾಂತರಿ ಬೇಡ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯ ಬಹುಮತ 2013ರಲ್ಲಿ ಹೇಳಿತು. ಉಡುಪಿ ಹತ್ತಿರದ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದರ ಬೀಜವನ್ನು ತಲೆಮಾರುಗಳಿಂದ ಆರಿಸಿ, ಒಣಗಿಸಿ, ಕಾಪಾಡಿಕೊಂಡು ಬಂದವರು ಅಲ್ಲಿನ ಬೆಳೆಗಾರರು. ಬಿಟಿ ವಂಶವಾಹಿ ಸೇರಿಸಲು ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯ ಒಪ್ಪಿಗೆಯಿಲ್ಲದೆ ಬಳಸಲಾಗಿದೆ ಎಂಬ ದೂರು 2010ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಹೋಗಿ, ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕ್ರಮಕ್ಕೆ ಮುಂದಾಯಿತು. ಮುಂದೆ ಹಾಗಾಗದಂತೆ, ಊರಿನ ಜೀವವೈವಿಧ್ಯ ಸಮಿತಿಯ ಲಿಖಿತ ಒಪ್ಪಿಗೆ ಕಡತದಲ್ಲಿಲ್ಲದ ಅರ್ಜಿಯನ್ನು ನಾವು ಕೇಳುತ್ತಿರುವ ಹೊಸ ಪ್ರಾಧಿಕಾರ ಸ್ವೀಕರಿಸಲೇ ಬಾರದು.

ನೆರೆಯ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಅನುಮತಿ ಕೊಟ್ಟು ಮರುವರ್ಷದ ಆರಂಭದಲ್ಲಿ ಸಸಿ ಹಂಚಿತು. ಅಲ್ಲಿನ ಅನುಭವ ಒಳ್ಳೆಯದಿದ್ದರೂ ಕೆಟ್ಟದಿದ್ದರೂ ನಮ್ಮ ವಿಜ್ಞಾನಿಗಳು ಹೋಗಿ ನೋಡಿ ವರದಿ ಕೊಡಲಿ. ಪಕ್ಕದ ಹೊಲದ ಪಾಠಕ್ಕೆ ಕಣ್ಣು ಮುಚ್ಚುವುದು ಬೇಡ.

9. ನಷ್ಟಕ್ಕೆ ಹೊಣೆ, ಹೊಣೆಗೆ ಹಣ.

ಕುಲಾಂತರಿ ಜೀವಿಗಳಿಂದಾಗುವ ಹಾನಿಗೆ ಹೊಣೆ ಮತ್ತು ಪರಿಹಾರ ನಿಗದಿಪಡಿಸುವ ನಗೋಯಾ-ಕ್ವಾಲಾಲಂಪುರ ಪೂರಕ ಒಡಂಬಡಿಕೆಯನ್ನು ಭಾರತ 2014ರಲ್ಲೇ ಒಪ್ಪಿದೆ. 2018ರ ಮಾರ್ಚಿನಲ್ಲಿ ಅದು ಜಾರಿಗೂ ಬಂತು. ಅದನ್ನು ನಮ್ಮ ನೆಲಕ್ಕೆ ಇಳಿಸುವ ಕಾನೂನು ಬರೆಯಿರಿ.

2013ರ ಮುಂಗಾರಿನಲ್ಲಿ ಹಾವೇರಿ, ದಾವಣಗೆರೆ ಕಡೆ ಒಂದು ಬಿಟಿ ಹೈಬ್ರಿಡ್ ಆಳೆತ್ತರ ಬೆಳೆದು ಕಾಯಿ ಕಟ್ಟದೆ ನಿಂತಾಗ ರೈತರು ಬೀದಿಗಿಳಿಯಬೇಕಾಯಿತು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಪರಿಹಾರದ ಮಾತಿದೆ, ಗ್ರಾಹಕ ನ್ಯಾಯಾಲಯದ ಬಾಗಿಲೂ ಇದೆ. ಆದರೆ ರಸೀದಿ, ಖಾಲಿ ಪ್ಯಾಕೆಟ್, ಲಾಟ್ ನಂಬರು, ತಜ್ಞರ ವರದಿ ಎಲ್ಲವನ್ನೂ ರೈತನೇ ಹೊಂದಿಸಬೇಕು. ತಪ್ಪು ತಮ್ಮದಲ್ಲ ಎಂದು ಸಾಬೀತು ಮಾಡುವ ಹೊರೆ ಬೀಜದವರ ಮೇಲಿರಲಿ. ಅನುಮತಿಯ ದಿನವೇ ಅವರು ಠೇವಣಿ ಇಡಲಿ. ಜಂಟಿ ಸಮೀಕ್ಷೆ ಮುಗಿದ 60 ದಿನದೊಳಗೆ ಅದರಿಂದಲೇ ಪರಿಹಾರ ಪಾವತಿಯಾಗಲಿ. ಪಕ್ಕದ ಹೊಲದ ಪರಾಗ ಬಂದು ಸಾವಯವ ಪ್ರಮಾಣಪತ್ರ ಕಳೆದುಕೊಂಡವನಿಗೂ, ಜೇನು ಸಾಕಣೆದಾರನಿಗೂ ಅದೇ ಹಕ್ಕು ಇರಲಿ.

10. ವಂಶವಾಹಿ ತಿದ್ದಿದ ತಳಿಗಳು ಲೆಕ್ಕದಿಂದ ಹೊರಗೆ ಬೇಡ.

ಹೊರಗಿನ ವಂಶವಾಹಿ ಉಳಿಯದ ಎರಡು ಬಗೆಯ ತಿದ್ದುಪಡಿ ತಳಿಗಳಿಗೆ 2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ 1989ರ ನಿಯಮದ ಮುಖ್ಯ ಭಾಗಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಅದರಲ್ಲೊಂದು, ಕಮಲಾ, ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಚೆನ್ನಾಗಿ ಗೊತ್ತಿರುವ ಸಾಂಬಾ ಮಸೂರಿಯಿಂದ ಬಂದದ್ದು. ಅವಕ್ಕೆ ಸಾಸಿವೆಯಷ್ಟೇ ಕಠಿಣ ಪರೀಕ್ಷೆ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಏನನ್ನು ತಿದ್ದಿದ್ದಾರೆ, ತಿದ್ದಬಾರದ ಕಡೆ ತಿದ್ದಿಲ್ಲವೆಂದು ಹೇಗೆ ನೋಡಿದ್ದಾರೆ, ಆ ತಂತ್ರದ ಪೇಟೆಂಟ್ ಯಾರದು, ಬೀಜ ಇಟ್ಟುಕೊಂಡು ಮರುಬಿತ್ತನೆ ಮಾಡಬಹುದೇ ಎಂಬುದೆಲ್ಲ ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿರಬೇಕು. ಬೀಜದ ಚೀಲದ ಮೇಲೂ ಬರೆದಿರಬೇಕು.

11. ತಿನ್ನುವವರಿಗೆ ತಿಳಿಯಲಿ.

ಹತ್ತಿ ತಿನ್ನುವ ಬೆಳೆ ಅಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಹತ್ತಿಕಾಳಿನ ಎಣ್ಣೆ ಅಡುಗೆಗೆ ಹೋಗುತ್ತದೆ, ಹಿಂಡಿ ಹಸು-ಎಮ್ಮೆಯ ಬಾನಿಗೆ ಹೋಗುತ್ತದೆ. 2021ರಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೂ ಒಪ್ಪಿಗೆ ಸಿಕ್ಕಿತು. ಪೊಟ್ಟಣದ ಮೇಲೆ ಗುರುತು ಇರಬೇಕೆಂಬ ನಿಯಮ 2013ರ ಜನವರಿ 1ರಿಂದಲೇ ಇದೆ. ಅದನ್ನು ಎಣ್ಣೆಗೂ ಪಶು ಆಹಾರಕ್ಕೂ ಅನ್ವಯಿಸಿ, ಕನ್ನಡದಲ್ಲೂ ಬರೆಸಿ, ಅಂಗಡಿಗೆ ಹೋಗಿ ತಪಾಸಣೆ ಮಾಡಿ.

12. ಸಾರ್ವಜನಿಕ ತಳಿ ಸಂಶೋಧನೆಗೆ ಹಣ ಕೊಡಿ.

ರೈತನಿಗೆ ಆಯ್ಕೆ ಇಲ್ಲದಿದ್ದರೆ ಮೇಲಿನ ಯಾವ ಬೇಡಿಕೆಗೂ ಅರ್ಥವಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕತ್ತರಕಿ ಅವರು ಬಿಡುಗಡೆ ಮಾಡಿದ ವರಲಕ್ಷ್ಮಿ ಹತ್ತಿ ಸರ್ಕಾರಿ ಸಂಶೋಧನೆಯ ಫಲ. ಸಾರ್ವಜನಿಕ ಸಂಸ್ಥೆಗಳದ್ದೇ ಆದ ಬಿಟಿ ಹತ್ತಿ, ಬೀಜ ಇಟ್ಟುಕೊಂಡು ಬಿತ್ತಬಹುದಾದ ಬಿಕನೇರಿ ನರ್ಮಾ, 2009ರಲ್ಲಿ ಬಂದಾಗ ನಾವು ಆಸೆ ಇಟ್ಟುಕೊಂಡಿದ್ದೆವು. ಅದರಲ್ಲಿ ಖಾಸಗಿ ಕಂಪನಿಯ ವಂಶವಾಹಿ ಪತ್ತೆಯಾಗಿ ಹಿಂತೆಗೆದುಕೊಂಡರು. ಆ ಸೋಲು ಇಡೀ ಪ್ರಯತ್ನವನ್ನೇ ಕೈಬಿಡಲು ನೆಪವಾಗಬಾರದು. ಬುರ್ಕಿನಾ ಫಾಸೊ ದೇಶ 2008ರಲ್ಲಿ ಬಿಟಿ ಹತ್ತಿ ಬಿತ್ತಿ, ಎಳೆಯ ಉದ್ದ ಕಡಿಮೆಯಾಗಿ ಮಾರುಕಟ್ಟೆಯಲ್ಲಿ ದರ ಬೀಳುತ್ತಿದೆ ಎಂದು 2016ರ ಹೊತ್ತಿಗೆ ತನ್ನ ಹಳೆಯ ತಳಿಗಳಿಗೆ ಮರಳಿತು. ಮರಳಲು ಅವರ ಬಳಿ ಬೀಜ ಇತ್ತು. ನಮ್ಮ ಜಿಲ್ಲೆಗಳಲ್ಲಿ ಬಿಟಿ ಅಲ್ಲದ ಹತ್ತಿಬೀಜ, ಕಡಿಮೆ ಅವಧಿಯ ತಳಿಗಳು, ಜಯಧರದಂಥ ದೇಶಿ ಹತ್ತಿ ಪ್ರತಿ ಮುಂಗಾರಿಗೂ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವಷ್ಟು ಬೀಜೋತ್ಪಾದನೆಯನ್ನು ಕೃಷಿ ಇಲಾಖೆ ಕೈಗೊಳ್ಳಲಿ.

13. ಉತ್ತರ.

ರಾಷ್ಟ್ರೀಯ ನೀತಿಯ ಕರಡು ಅಂತಿಮವಾಗುವ ಮುನ್ನ ಅದರ ಕನ್ನಡ ಪ್ರತಿಯನ್ನು ಪ್ರಕಟಿಸಿ, ರಾಯಚೂರು, ಹಾವೇರಿ ಮತ್ತು ಮೈಸೂರಿನಲ್ಲಿ ಬಹಿರಂಗ ಸಭೆ ಕರೆಯಿರಿ. ರಾಜ್ಯ ಸರ್ಕಾರ ತನ್ನ ನಿಲುವನ್ನು ವಿಧಾನಮಂಡಲದಲ್ಲಿ ಚರ್ಚಿಸಿಯೇ ಕೇಂದ್ರಕ್ಕೆ ಕಳಿಸಲಿ. ಈ ಪತ್ರದ ಪ್ರತಿ ಬೇಡಿಕೆಗೂ 90 ದಿನದೊಳಗೆ ಲಿಖಿತ ಉತ್ತರ ಬರಲಿ. ಒಪ್ಪುವುದಿದ್ದರೆ ಯಾವ ದಿನಾಂಕದೊಳಗೆ ಎಂದು, ಒಪ್ಪದಿದ್ದರೆ ಯಾವ ಕಾರಣಕ್ಕೆ ಎಂದು, ಸಹಿ ಮಾಡುವ ಅಧಿಕಾರಿಯ ಹೆಸರು ಮತ್ತು ಹುದ್ದೆಯೊಂದಿಗೆ. ಅಲ್ಲಿಯವರೆಗೆ ಯಾವ ಹೊಸ ಕುಲಾಂತರಿ ಬೆಳೆಯನ್ನೂ ಪರಿಸರಕ್ಕೆ ಬಿಡುಗಡೆ ಮಾಡಬಾರದು.